ಕಾಫಿ ತೋಟಕ್ಕೆ ಹೆಬ್ಬಾವು ಯಾಕೆ ಬರುತ್ತದೆ?

ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ಹೆಬ್ಬಾವು ಸಿಗುತ್ತದಲ್ಲ, ಅದು ಕಾಡು ಬಿಟ್ಟು ಬಂದಿದೆಯಾ ಅಂತ ಕೇಳಿದ್ದೀರಿ. ಹಾಗೇನಿಲ್ಲ, ಅದಕ್ಕೆ ತೋಟವೂ ಕಾಡೇ. ಮರದ ನೆರಳು, ತರಗೆಲೆ, ಹತ್ತಿರದಲ್ಲೇ ಹಳ್ಳ, ಜೊತೆಗೆ ಹೆಗ್ಗಣ, ಮೊಲ, ಕಾಡುಕೋಳಿ. ಇನ್ನೇನು ಬೇಕು ಹೇಳಿ?

ಮುಖ್ಯ ವಿಷಯ ಏನೆಂದರೆ, ಹೆಬ್ಬಾವು ಬೇಟೆಯನ್ನು ಅಟ್ಟಿಸಿಕೊಂಡು ಹೋಗುವ ಹಾವಲ್ಲ. ಒಂದೇ ಕಡೆ ಸುಮ್ನೆ ಬಿದ್ದುಕೊಂಡು ಕಾಯುತ್ತದೆ, ತುಟಿಯ ಅಂಚಿನಲ್ಲಿರುವ ಸಣ್ಣ ಗುಳಿಗಳಿಂದ ಬಿಸಿ ಮೈಯ ಪ್ರಾಣಿ ಹತ್ತಿರ ಬಂದದ್ದು ಕತ್ತಲಲ್ಲೂ ಅದಕ್ಕೆ ಗೊತ್ತಾಗುತ್ತದೆ. ಹಾಗಾಗಿ ಅಡಗಲು ಜಾಗ ಇದ್ದರೆ ಸಾಕು. ಮೈಮೇಲಿನ ಕಂದು ಮಚ್ಚೆ ತರಗೆಲೆಯಲ್ಲಿ ಹೇಗೆ ಬೆರೆತುಹೋಗುತ್ತದೆ ಅಂದರೆ, ಹಣ್ಣು ಕೊಯ್ಯುವವರು ಪಕ್ಕದಲ್ಲೇ ನಿಂತರೂ ಕಾಣುವುದಿಲ್ಲ.

ಮೊಟ್ಟೆಗೂ ಇಂಥದ್ದೇ ಜಾಗ ಬೇಕು, ಮುಳ್ಳುಹಂದಿಯ ಬಿಲ, ಪೊಟರೆ, ಬಂಡೆಸಂದಿ ಹೀಗೆ. ತಾಯಿ ಮೊಟ್ಟೆಗಳನ್ನು ಸುತ್ತಿಕೊಂಡು, ಚಳಿಯಾದರೆ ಮೈ ನಡುಗಿಸಿ ಕಾವು ಕೊಡುತ್ತದೆ. ಹಾವುಗಳಲ್ಲಿ ಇದು ಬಹಳ ಅಪರೂಪ, ನನಗಂತೂ ಇದೇ ದೊಡ್ಡ ಅಚ್ಚರಿ.

ವಿಷ ಇಲ್ಲ, ಆದರೆ ಕಚ್ಚಿದರೆ ಗಾಯ ಜೋರಾಗಿಯೇ ಆಗುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವುದರಿಂದ ಕೊಂದರೆ ಕೇಸು. ದೂರ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಿ.