ಆಪ್ತಸಲಹೆ ಪ್ರಕರಣ: ತಂಗಿಯ ಮದುವೆ ಮಾತುಕತೆ, ಒಳಕೋಣೆಯಲ್ಲಿ ಅಣ್ಣ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿರುವ ಈ ಪ್ರಕರಣದ ವ್ಯಕ್ತಿಗೆ ಮೂವತ್ತರ ಆಸುಪಾಸು. ನ್ಯೂರೋಫೈಬ್ರೊಮಾಟೋಸಿಸ್ ಎಂಬ ಕಾಯಿಲೆಯಿಂದ ಎಡಗೆನ್ನೆ ಮತ್ತು ರೆಪ್ಪೆಯ ಮೇಲೆ ಬೆಳೆದ ಗಡ್ಡೆ ಅವರ ಬಾಯಿಯನ್ನು ಒಂದು ಕಡೆಗೆ ಜಗ್ಗಿದೆ. ಬಿ.ಕಾಂ. ಮುಗಿಸಿ ಮನೆಯಿಂದಲೇ ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುವ ಇವರು, ನನ್ನ ಕೋಣೆಗೆ ಬಂದವರೇ ಎಡಗೆನ್ನೆ ಗೋಡೆಯ ಕಡೆಗಿರುವಂತೆ ಕುರ್ಚಿಯನ್ನು ತಿರುಗಿಸಿಕೊಂಡು, ಮಾತಾಡಿದಷ್ಟು ಹೊತ್ತೂ ಕರವಸ್ತ್ರವನ್ನು ಬಾಯಂಚಿಗೆ ಒತ್ತಿಕೊಂಡಿದ್ದರು. ಕ್ಷೌರದಂಗಡಿಯಲ್ಲಿ ಪಕ್ಕದ ಗಿರಾಕಿ ಎದ್ದುಹೋದಂದಿನಿಂದ ಇವರ ಕೂದಲನ್ನು ಮನೆಯಲ್ಲಿ ತಂದೆಯೇ ಕತ್ತರಿಸುತ್ತಾರೆ.

ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಾಗ "ಸ್ವಲ್ಪ ಹೊತ್ತು ಒಳಗಿರಪ್ಪ" ಎಂದು ತಾಯಿ ಹೇಳಿದ್ದರಂತೆ. "ಅಮ್ಮ ಹೇಳಿದ್ದು ಸರಿಯೇ ಅಲ್ವಾ ಮೇಡಂ? ನಾನಿಲ್ಲದಿದ್ದರೆ ಅವಳಿಗೆ ಎಂದೋ ಸಂಬಂಧ ಕೂಡಿಬರುತ್ತಿತ್ತು" ಎಂದರು. ಇಂಥ ಮಾತನ್ನು ಕೇಳಿ ಸುಮ್ಮನಾಗುವಂತಿಲ್ಲ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಒಮ್ಮೊಮ್ಮೆ ಬರುತ್ತದೆ, ಆದರೆ ಅದಕ್ಕಾಗಿ ಏನೂ ಯೋಜನೆ ಹಾಕಿಕೊಂಡಿಲ್ಲ ಎಂದರು. ಮನೋವೈದ್ಯರಲ್ಲಿಗೆ ಕಳುಹಿಸಿ, ಹಗಲುರಾತ್ರಿ ದೊರೆಯುವ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವರ ಫೋನಿನಲ್ಲಿ ಉಳಿಸಿಕೊಟ್ಟೆ.

ಮುಂದಿನ ಭೇಟಿಗೆ ಅವರ ಒಪ್ಪಿಗೆ ಪಡೆದು ತಂದೆತಾಯಿಯರನ್ನೂ ಕರೆಸಿದೆ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದೇ ಇದಕ್ಕೆಲ್ಲ ಕಾರಣವೆಂದು ಆ ತಾಯಿ ಇಷ್ಟು ವರ್ಷವೂ ಯಾರಲ್ಲೂ ಬಾಯಿಬಿಡದೆ ನಂಬಿಕೊಂಡಿದ್ದರು. ಮಗನನ್ನು ಒಳಗಿರಿಸಿದ್ದರ ಹಿಂದೆ ನಾಚಿಕೆಗಿಂತ ಹೆಚ್ಚಾಗಿ ಈ ಅಪರಾಧಭಾವವೇ ಇದ್ದಿತೆಂಬುದು ನನ್ನ ಅಭಿಪ್ರಾಯ. ಸುಮಾರು 3,000 ಶಿಶುಗಳಲ್ಲಿ ಒಂದಕ್ಕೆ ಬರುವ ಈ ಕಾಯಿಲೆಗೆ 17ನೆಯ ವರ್ಣತಂತುವಿನಲ್ಲಿರುವ ಒಂದು ಜೀನಿನ ದೋಷ ಕಾರಣ; ಸುಮಾರು ಅರ್ಧದಷ್ಟು ಮಂದಿಯಲ್ಲಿ ಅದು ಹೆತ್ತವರಿಂದ ಬಾರದೆ ಹೊಸದಾಗಿಯೇ ಉಂಟಾಗಿರುತ್ತದೆ; ಮುಟ್ಟಿದರೆ ಅಂಟುವುದಿಲ್ಲ. ತಂದೆತಾಯಿಯರಲ್ಲೂ ತಂಗಿಯಲ್ಲೂ ಇದರ ಲಕ್ಷಣಗಳಿಲ್ಲವೆಂದು ತಜ್ಞರು ಪರೀಕ್ಷಿಸಿ ಹೇಳಿದ್ದರಿಂದ, ತಂಗಿಯ ಮಕ್ಕಳಿಗೆ ಉಳಿದವರಿಗಿಂತ ಹೆಚ್ಚಿನ ಅಪಾಯವಿಲ್ಲ. ಇವರ ಸ್ವಂತ ಮಕ್ಕಳಿಗೆ ಬರುವ ಸಾಧ್ಯತೆ ಮಾತ್ರ ಪ್ರತಿ ಬಸಿರಿನಲ್ಲೂ ಶೇ. 50. ಅದನ್ನೂ ಅವರಿಂದ ಮುಚ್ಚಿಡಲಿಲ್ಲ.

ಮದುವೆಯ ಮಾತುಕತೆಗೆ ನಾನು ಕೊಟ್ಟ ಸಲಹೆ ಇದು: ಗಂಡಿನ ಕಡೆಯವರು ಬರುವ ಮೊದಲೇ ಮಧ್ಯಸ್ಥರ ಮೂಲಕ ವಿಷಯ ತಿಳಿಸಿ, ಬಂದ ದಿನ ಮಗನನ್ನು ನಡುಮನೆಯಲ್ಲಿ ಎಲ್ಲರೊಂದಿಗೆ ಕೂರಿಸಿ, "ಇವನು ನಮ್ಮ ಹಿರಿಮಗ" ಎಂದು ತಂದೆಯೇ ಪರಿಚಯಿಸಬೇಕು. ಬಚ್ಚಿಟ್ಟದ್ದು ನಾಳೆ ಬಯಲಾದರೆ, ಇಲ್ಲದ ಅನುಮಾನವೂ ಹುಟ್ಟಿಕೊಳ್ಳುತ್ತದೆ.

ಅಣ್ಣನಿಗೆ ಮಾತ್ರ, ಜನ ದಿಟ್ಟಿಸುವುದನ್ನು ಬಿಡುತ್ತಾರೆಂಬ ಭರವಸೆ ಕೊಡಲಿಲ್ಲ. ಯಾರಾದರೂ ಕೇಳಿದರೆ "ಹುಟ್ಟಿನಿಂದ ಬಂದದ್ದು, ಅಂಟೋದಿಲ್ಲ" ಎಂದಷ್ಟೇ ಹೇಳಿ ತಮ್ಮ ಕೆಲಸದ ಮಾತಿಗೆ ಬರುವುದನ್ನು ನನ್ನೆದುರೇ ಕರವಸ್ತ್ರವಿಲ್ಲದೆ ಅಭ್ಯಾಸ ಮಾಡಿದರು. ಗಿರಾಕಿಗಳ ಅಂಗಡಿಗೆ ವಾರಕ್ಕೊಮ್ಮೆ ತಾವೇ ಹೋಗಿ ಲೆಕ್ಕ ಒಪ್ಪಿಸುವುದೆಂದು ನಿಶ್ಚಯಿಸಿಕೊಂಡೆವು. ಅಂಗವೈಕಲ್ಯ ಹೊಂದಿದ ವ್ಯಕ್ತಿಯನ್ನು ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸುವುದು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 92ನೆಯ ಕಲಮಿನಡಿ ಅಪರಾಧವೆಂಬುದನ್ನು ತಿಳಿಸಿ, ಅಂಗವಿಕಲತೆಯ ಪ್ರಮಾಣಪತ್ರಕ್ಕಾಗಿ ಜಿಲ್ಲಾಸ್ಪತ್ರೆಯಲ್ಲಿ ತಪಾಸಣೆಗೆ ಹೋಗಲು ಹೇಳಿದೆ.

ಗಡ್ಡೆ ದಿಢೀರನೆ ಬೆಳೆದರೆ ಅಥವಾ ನೋವು ಹೆಚ್ಚಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ರಕ್ತಸ್ರಾವ ಮತ್ತು ಮುಖದ ನರಕ್ಕೆ ಪೆಟ್ಟಾಗುವ ಭಯವಿರುವ ಶಸ್ತ್ರಚಿಕಿತ್ಸೆಯ ಬಗ್ಗೆ ಅವರಿನ್ನೂ ಮನಸ್ಸು ಮಾಡಿಲ್ಲ; ಮದುವೆಯ ಮುಹೂರ್ತಕ್ಕೆ ಮುಂಚೆ ಮುಗಿಸಿಬಿಡೋಣವೆಂದು ಅವಸರಪಡಿಸಬಾರದೆಂದು ಮನೆಯವರಿಗೆ ಸ್ಪಷ್ಟವಾಗಿ ಹೇಳಿದ್ದೇನೆ.