ಇಂಟರ್ನೆಟ್ ಇಲ್ಲದೆ ಬರೀ ಈಮೇಲಿನಲ್ಲಿ ಫೈಲು, ವೆಬ್ ಪುಟ ತರಿಸುತ್ತಿದ್ದದ್ದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಮಂಗಳೂರಿನ ಹಳೆಮನೆ ಖಾಲಿ ಮಾಡುವಾಗ ಮೂರೂವರೆ ಇಂಚಿನ ಫ್ಲಾಪಿಗಳು ಸಿಕ್ಕಿವೆ. ಒಂದರಿಂದ ಇಪ್ಪತ್ತೆರಡರ ತನಕ ನಂಬರು ಹಾಕಿದ ಫೈಲುಗಳಿವೆ. ತೆರೆದರೆ ಮೇಲ್ಗಡೆ ಈಮೇಲಿನ ವಿಳಾಸ, ತಾರೀಕು; ಕೆಳಗೆ ಇಂಗ್ಲಿಷ್ 'ಎಂ' ಅಕ್ಷರದಿಂದ ಶುರುವಾಗುವ, ತಲೆಬುಡ ಇಲ್ಲದ ಸಾಲುಗಳು. “ಆಗ ನಮಗೆ ಇಂಟರ್ನೆಟ್ ಇರಲಿಲ್ಲ, ಈಮೇಲ್ ಮಾತ್ರ. ಅದರಲ್ಲೇ ತರಿಸಿದ್ದು” ಎಂದು ನಿಮ್ಮ ಮಾವ ಹೇಳುತ್ತಾರೆ. ನಿಜವಾ, ಹೇಗೆ, ಈಗ ಅವನ್ನು ತೆರೆಯಬಹುದಾ?

ಮಾವ ಹೇಳಿದ್ದು ಅಕ್ಷರಶಃ ನಿಜ. ವೆಬ್ ಪುಟ ನೋಡಬೇಕಾದರೆ ನಿಮ್ಮ ಯಂತ್ರವೂ ಆ ಕಡೆಯ ಯಂತ್ರವೂ ಅದೇ ಹೊತ್ತಿಗೆ ತಂತಿಯ ಮೇಲೆ ಇರಬೇಕು. ಈಮೇಲಿಗೆ ಹಾಗೇನಿಲ್ಲ. ಒಂದು ಯಂತ್ರ ಪತ್ರ ತೆಗೆದುಕೊಂಡು ಇಟ್ಟುಕೊಳ್ಳುತ್ತದೆ, ಮುಂದಿನ ಯಂತ್ರಕ್ಕೆ ಸಂಪರ್ಕ ಸಿಕ್ಕಾಗ ದಾಟಿಸುತ್ತದೆ. ಯುಯುಸಿಪಿ ಪದ್ಧತಿಯಲ್ಲಿ ಯಂತ್ರಗಳು ಒಂದಕ್ಕೊಂದು ಫೋನು ಮಾಡಿ ಪತ್ರದ ಕಟ್ಟು ಬದಲಾಯಿಸಿಕೊಳ್ಳುತ್ತಿದ್ದವು. ನಮ್ಮ ವಿದ್ಯಾಸಂಸ್ಥೆಗಳ ಎರ್ನೆಟ್ ಜಾಲದಲ್ಲೂ ಮೊದಮೊದಲು ಓಡಾಡಿದ್ದು ಮುಖ್ಯವಾಗಿ ಮೇಲ್. ಹಾಗಾಗಿ ಪತ್ರ ಓದಿ, ಅದರಲ್ಲಿ ಬರೆದ ಆಜ್ಞೆಯಂತೆ ಫೈಲು ತಂದು, ಪತ್ರದಲ್ಲೇ ವಾಪಸು ಕಳಿಸುವ ಪ್ರೋಗ್ರಾಂ ಒಂದನ್ನು ಅತ್ತ ಕಡೆ ಕೂರಿಸಿದರೆ ಮುಗಿಯಿತು. ಬೇಕಾದದ್ದು ಒಂದು ಈಮೇಲ್ ವಿಳಾಸ, ಮತ್ತೆ ತಾಳ್ಮೆ.

ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್ಎನ್ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು, ಆದರೆ ಅದು ಮಹಾನಗರಗಳಲ್ಲಿ. ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದದ್ದು 1998ರ ನವೆಂಬರಿನಲ್ಲಿ. ಕಡಿಮೆ ದುಡ್ಡಿನ ಶೆಲ್ ಅಕೌಂಟಿನಲ್ಲಿ ಚಿತ್ರವಿಲ್ಲ, ಕಪ್ಪು ಪರದೆ, ಬರೀ ಅಕ್ಷರ. ಮೇಲ್ ಓದಲು ಪೈನ್, ಪುಟ ನೋಡಲು ಲಿಂಕ್ಸ್. ಗಂಟೆ ಲೆಕ್ಕದ ಖಾತೆ, ಅದರ ಮೇಲೆ ಫೋನ್ ಬಿಲ್ಲು. ಹತ್ತಿರದಲ್ಲಿ ನೋಡ್ (ಡಯಲ್ ಮಾಡಿ ಸೇರುವ ಕೇಂದ್ರ) ಇಲ್ಲದವರಿಗೆ ಎಸ್‌ಟಿಡಿ ಕರೆಯ ಖರ್ಚು ಬೇರೆ. ರಾತ್ರಿ ದರ ಇಳಿದ ಮೇಲೆಯೇ ಡಯಲ್ ಮಾಡುವುದು. ಹಾಗಾಗಿ ಅಕೌಂಟ್ ಇದ್ದವರೂ ದೊಡ್ಡ ಫೈಲನ್ನು ಈಮೇಲಿನಿಂದ ತರಿಸುತ್ತಿದ್ದರು. ನೀವು ಮಲಗಿರುವಾಗ ಕೆಲಸ ಮಾಡುವವರು ಅಮೆರಿಕದಲ್ಲಿ ಇದ್ದಾರಲ್ಲ!

ಫೈಲು ತರಿಸಲು ಇದ್ದದ್ದು ಎಫ್‌ಟಿಪಿಮೇಲ್: ಎಫ್‌ಟಿಪಿ ಎಂಬ ಫೈಲು ಸಾಗಿಸುವ ಪದ್ಧತಿಯ ಸರ್ವರುಗಳಿಂದ ಪತ್ರದಲ್ಲೇ ತಂದುಕೊಡುವ ಸೇವೆ. ಹೆಸರುವಾಸಿಯಾದದ್ದು ಕ್ಯಾಲಿಫೋರ್ನಿಯಾದ ಡಿಇಸಿ ಕಂಪನಿಯ ಸಂಶೋಧನಾಲಯದ್ದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಬಿಟ್‌ಎಫ್‌ಟಿಪಿ ಇನ್ನೊಂದು. ಡಿಇಸಿಯದಕ್ಕೆ ಪತ್ರದ ಒಡಲಿನಲ್ಲಿ ಸಾಲಿಗೊಂದು ಆಜ್ಞೆ ಬರೆಯಬೇಕು. ಮೊದಲು 'ಕನೆಕ್ಟ್' ಮತ್ತು ಸರ್ವರಿನ ಹೆಸರು. ಆಮೇಲೆ 'ಬೈನರಿ', 'ಯುಯುಎನ್‌ಕೋಡ್', 'ಚಂಕ್‌ಸೈಜ್ 64000'. 'ಸಿಎಚ್‌ಡಿಐಆರ್' ಬರೆದು ಡೈರೆಕ್ಟರಿಯ ದಾರಿ, 'ಗೆಟ್' ಬರೆದು ಫೈಲಿನ ಹೆಸರು, ಕೊನೆಗೆ 'ಕ್ವಿಟ್'. ಮೊದಲು ಬರುವುದು ಬರೀ ರಸೀದಿ: ನಿಮ್ಮ ಕೋರಿಕೆ ಸಾಲಿನಲ್ಲಿದೆ, ಇಂತಿಂಥ ಆಜ್ಞೆ ಅರ್ಥವಾಯಿತು ಎಂದು. ಫೈಲು ಬರುವುದು ಗಂಟೆಗಳ ಅಥವಾ ದಿನಗಳ ನಂತರ.

ಫೈಲಿನ ಹೆಸರೇ ಗೊತ್ತಿಲ್ಲದಿದ್ದರೆ? ಅದಕ್ಕೆ ಆರ್ಚಿ ಇತ್ತು, 1990ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಅದಕ್ಕೂ ಪತ್ರ ಬರೆದರೆ ಆ ಹೆಸರಿನ ಫೈಲು ಯಾವ ಯಾವ ಸರ್ವರಿನ ಯಾವ ಡೈರೆಕ್ಟರಿಯಲ್ಲಿದೆ ಎಂದು ಪಟ್ಟಿ ಕಳಿಸುತ್ತಿತ್ತು. ಅಂದರೆ ಹುಡುಕಲು ಒಂದು ಪತ್ರ, ತರಿಸಲು ಇನ್ನೊಂದು. ಡಾಸ್ ಪ್ರೋಗ್ರಾಂ ಬೇಕಾದವರು ಸಿಮ್‌ಟೆಲ್ ಅಥವಾ ಫಿನ್‌ಲ್ಯಾಂಡಿನ ವಾಸಾ ವಿಶ್ವವಿದ್ಯಾಲಯದ ಗಾರ್ಬೊ ಭಂಡಾರದ ಸೂಚಿಯನ್ನು ಒಮ್ಮೆ ತರಿಸಿ ಇಟ್ಟುಕೊಂಡರೆ ಆರ್ಚಿಯ ಗೊಡವೆಯೇ ಇಲ್ಲ.

ಕೆಡುತ್ತಿದ್ದದ್ದು ಸಣ್ಣ ಸಣ್ಣ ವಿಷಯಕ್ಕೆ. ಯುನಿಕ್ಸ್‌ನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ. ಡಾಸ್ ಅಭ್ಯಾಸದವರು ಎಲ್ಲವನ್ನೂ ದೊಡ್ಡಕ್ಷರದಲ್ಲಿ ಹೊಡೆದರೆ 'ಅಂಥ ಫೈಲಿಲ್ಲ' ಎಂಬ ಉತ್ತರ ಮರುದಿನ ಬರುತ್ತಿತ್ತು. 'ಬೈನರಿ' ಮರೆತರೆ ಸಾಲಿನ ಕೊನೆಯ ಗುರುತುಗಳು ದಾರಿಯಲ್ಲಿ ಬದಲಾಗಿ ಜಿಪ್ ಹಾಳು. ಪತ್ರದ ಕೆಳಗೆ ತಾನಾಗಿ ಅಂಟಿಕೊಳ್ಳುವ ಸಹಿ ಇದ್ದರೆ ಸರ್ವರ್ ಅದನ್ನೂ ಆಜ್ಞೆ ಎಂದು ಓದಿ ದೂರು ಕಳಿಸುತ್ತದೆ. 'ಕ್ವಿಟ್' ಹಾಕುವುದು ಇದೇ ಕಾರಣಕ್ಕೆ. ಆಮೇಲಾಮೇಲೆ ಬಣ್ಣದ ಎಚ್‌ಟಿಎಂಎಲ್ ಪತ್ರ ಕಳಿಸುವ ಪ್ರೋಗ್ರಾಂಗಳು ಬಂದಾಗ ಇವು ಪೂರ್ತಿ ಗಲಿಬಿಲಿಯಾದವು. ಸಾದಾ ಅಕ್ಷರದ ಪತ್ರವೇ ಆಗಬೇಕು.

ಈಗ ಆ 'ಎಂ' ಸಾಲುಗಳ ಗುಟ್ಟು. ಆಗಿನ ಮೇಲ್ ಜಾಲ 7 ಬಿಟ್‌ನ ಸಾದಾ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ನಂಬಿಕೆಯಿಂದ ದಾಟಿಸುತ್ತಿತ್ತು. ಹಾಗಾಗಿ ಯುಯುಎನ್‌ಕೋಡ್ ಮೂರು ಬೈಟನ್ನು ನಾಲ್ಕು ಅಕ್ಷರವಾಗಿ ಬಿಡಿಸಿ ಬರೆಯುತ್ತದೆ. ಒಂದು ಸಾಲಿಗೆ 45 ಬೈಟು, ಅಂದರೆ 60 ಅಕ್ಷರ. ಆ ಸಾಲಿನಲ್ಲಿ ಎಷ್ಟು ಬೈಟು ಇದೆ ಎಂದು ಹೇಳಲು ಮುಂದೆ ಒಂದು ಅಕ್ಷರ. ಎಣಿಕೆಗೆ 32 ಕೂಡಿಸಿ ಅಕ್ಷರ ಮಾಡುವುದು ಕ್ರಮ. 45ಕ್ಕೆ 32 ಸೇರಿದರೆ 77, ಆಸ್ಕಿ ಪಟ್ಟಿಯಲ್ಲಿ 77 ಎಂದರೆ 'ಎಂ'. ತುಂಬಿದ ಸಾಲುಗಳೆಲ್ಲ ಅದರಿಂದಲೇ ಶುರುವಾಗಲು ಇದೇ ಕಾರಣ. ಕೊನೆಯ ಸಾಲು ಗಿಡ್ಡ, ಆದ್ದರಿಂದ ಅದರ ಮೊದಲಕ್ಷರ ಸಾಮಾನ್ಯವಾಗಿ ಬೇರೆ.

ಇದಕ್ಕೆ ಸುಂಕವೂ ಇದೆ. ಸಾಲಿನ ಕೊನೆಯ ಗುರುತೂ ಸೇರಿ 45 ಬೈಟಿಗೆ 62 ಬೈಟು, ಅಂದರೆ ಶೇಕಡಾ 38ರಷ್ಟು ಹೆಚ್ಚು. ಹತ್ತು ಲಕ್ಷ ಬೈಟಿನ ಫೈಲು ಸುಮಾರು 13.8 ಲಕ್ಷ ಆಗುತ್ತದೆ. 64,000ರ ತುಂಡು ಮಾಡಿದರೆ 22 ಪತ್ರ. ನಿಮ್ಮ ಇಪ್ಪತ್ತೆರಡರ ಲೆಕ್ಕ ನೋಡಿದರೆ ಒಳಗೆ ಒಂದು ಎಂಬಿ ಆಸುಪಾಸಿನ ಒಂದೇ ಫೈಲು ಇದೆ ಎಂದು ನನಗನಿಸುತ್ತದೆ. 9600 ಬಿಪಿಎಸ್ ಮೋಡೆಮ್ ಸೆಕೆಂಡಿಗೆ 960 ಬೈಟಿನಂತೆ ಇಳಿಸಿದರೂ 24 ನಿಮಿಷ, 2400ರದ್ದಾದರೆ ಒಂದೂವರೆ ಗಂಟೆ ದಾಟುತ್ತದೆ. ಅದೂ ಲೈನು ಶುದ್ಧ ಇದ್ದರೆ! ನಮ್ಮ ಕರಾವಳಿಯ ಮಳೆಗಾಲದಲ್ಲಿ ಕರಕರ ಸದ್ದಿನ ಲೈನಿನಲ್ಲಿ ಎಲ್ಲಿಯ ಶುದ್ಧ ಮಾರಾಯ್ರೆ.

ಬಲ್ಲವರು ಮಾಡುತ್ತಿದ್ದದ್ದು ಬೇರೆ. ಶೆಲ್ ಅಕೌಂಟ್ ಎಂದರೆ ಆ ಕಡೆ ಇರುವುದು ಪೂರ್ತಿ ಯುನಿಕ್ಸ್ ಯಂತ್ರ. ಪೈನ್‌ನಲ್ಲಿ ತುಂಡುಗಳನ್ನು ಅಲ್ಲೇ ಉಳಿಸಿ, ಅಲ್ಲೇ ಜೋಡಿಸಿ, ಅಲ್ಲೇ ಯುಯುಡಿಕೋಡ್ ಮಾಡಿ, ಸಿಕ್ಕ ಬೈನರಿ ಫೈಲನ್ನು ಮಾತ್ರ ಝಡ್‌ಮೋಡೆಮ್ ಎಂಬ ಫೈಲು ಇಳಿಸುವ ವಿಧಾನದ ಮೂಲಕ ಮನೆಯ ಪಿಸಿಗೆ ಇಳಿಸಿದರೆ ಆ 38ರ ಸುಂಕ ಫೋನ್ ಬಿಲ್ಲಿಗೆ ಬರುವುದಿಲ್ಲ. ಲೈನು ಕಡಿದರೆ ಝಡ್‌ಮೋಡೆಮ್ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಆದರೆ ಇದಕ್ಕೆ ಆ ಕಡೆ ಡಿಸ್ಕ್ ಜಾಗ ಬೇಕು, ಅದು ಎಲ್ಲರಿಗೂ ಇರಲಿಲ್ಲ. ಮಾವನ ಫ್ಲಾಪಿಯಲ್ಲಿ ಕಚ್ಚಾ ತುಂಡುಗಳೇ ಉಳಿದಿರುವುದನ್ನು ನೋಡಿದರೆ ಅವರ ಕೈಯಲ್ಲಿದ್ದದ್ದು ಬರೀ ಮೇಲ್ ಬಾಕ್ಸ್ ಇರಬೇಕು.

ಇವುಗಳಲ್ಲೆಲ್ಲ ಅಚ್ಚುಕಟ್ಟಾದದ್ದು ಯಾವುದು ಎಂದು ಕೇಳಿದರೆ ನಾನು ನೆಟ್‌ಲಿಬ್ ಎನ್ನುತ್ತೇನೆ. 1985ರಲ್ಲಿ ಶುರುವಾದ ಗಣಿತದ ಪ್ರೋಗ್ರಾಂಗಳ ಭಂಡಾರ. 'ಸೆಂಡ್ ಡಿಜಿಇಸಿಒ ಫ್ರಮ್ ಲಿನ್‌ಪ್ಯಾಕ್' ಎಂದು ಒಂದು ಸಾಲು ಬರೆದರೆ ಆ ಫೋರ್ಟ್ರಾನ್ ಸಬ್‌ರುಟೀನ್ ಮಾತ್ರವಲ್ಲ, ಅದು ಕರೆಯುವ ಬೇರೆ ರುಟೀನ್‌ಗಳನ್ನೂ ಸೇರಿಸಿ ಕಳಿಸುತ್ತಿತ್ತು. ನಿಮ್ಮಲ್ಲಿ ಈಗಾಗಲೇ ಇರುವುದು ಬೇಡವಾದರೆ 'ಬಟ್ ನಾಟ್' ಎಂದು ಅದರ ಹೆಸರು ಹಾಕಬಹುದಿತ್ತು. ಸುರತ್ಕಲ್ಲಿನಂಥ ಎಂಜಿನಿಯರಿಂಗ್ ಕಾಲೇಜಿನವರಿಗೆ ಹೇಳಿ ಮಾಡಿಸಿದ ಸೌಲಭ್ಯ. ಮೂಲಪಠ್ಯವೇ ಅಕ್ಷರರೂಪದ್ದಾದ್ದರಿಂದ ಯುಯುಎನ್‌ಕೋಡ್ ಕೂಡ ಬೇಡ. ಭೌತಶಾಸ್ತ್ರದವರ ಲೇಖನ ಭಂಡಾರ ಆರ್‌ಕೈವ್ 1991ರ ಆಗಸ್ಟಿನಲ್ಲಿ ಶುರುವಾದದ್ದೇ ಈಮೇಲ್ ಸೇವೆಯಾಗಿ. ಅಲ್ಲಿ ಮಾತ್ರ ಆಜ್ಞೆ ಬರೆಯಬೇಕಾದದ್ದು ಒಡಲಿನಲ್ಲಲ್ಲ, ವಿಷಯದ ಸಾಲಿನಲ್ಲಿ: 'ಗೆಟ್' ಮತ್ತು ಲೇಖನದ ಸಂಖ್ಯೆ. ಎರಡನ್ನೂ ಬಳಸುವವರು ಅದಲುಬದಲು ಮಾಡುವುದು ಸಾಮಾನ್ಯವಾಗಿತ್ತು. ಜೀವವಿಜ್ಞಾನದವರಿಗೆ ಅಮೆರಿಕದ ಎನ್‌ಸಿಬಿಐ ಸಂಸ್ಥೆಯ ಬ್ಲಾಸ್ಟ್ ಎಂಬ ಹುಡುಕಾಟ ಕೂಡ ಈಮೇಲಿನಲ್ಲಿ ಸಿಗುತ್ತಿತ್ತು. ಡಿಎನ್‌ಎ ಸರಣಿ ಬರೆದು ಕಳಿಸಿದರೆ ಹೋಲಿಕೆಯ ಪಟ್ಟಿ ಮರಳಿ ಬರುತ್ತಿತ್ತು.

ವೆಬ್ ಪುಟ ತರಿಸುವ ಸೇವೆಗಳಲ್ಲಿ ಮೊದಲು ಹೇಳಬೇಕಾದ ಹೆಸರು ಅಗೋರಾ. 'ಸೆಂಡ್' ಬರೆದು ಪುಟದ ವಿಳಾಸ ಹಾಕಿದರೆ ಪುಟ ಅಕ್ಷರರೂಪದಲ್ಲಿ ಬರುತ್ತದೆ, ಕೊಂಡಿಗಳಿಗೆಲ್ಲ ಕ್ರಮಸಂಖ್ಯೆ. ಬೇಕಾದ ಸಂಖ್ಯೆ ಬರೆದು ಉತ್ತರಿಸಿದರೆ ಆ ಪುಟ. 'ಡೀಪ್' ಎಂಬ ಆಜ್ಞೆಯೂ ಇತ್ತು: ಆ ಪುಟದ ಎಲ್ಲ ಕೊಂಡಿಗಳ ಪುಟಗಳನ್ನೂ ಒಟ್ಟಿಗೆ ತರುವಂಥದ್ದು. ಅದು ಮೇಲ್ ಬಾಕ್ಸ್ ತುಂಬಿಸಿಕೊಳ್ಳುವ ದಾರಿ. 1996ರಲ್ಲಿ ಬಂದ ಹಾಟ್‌ಮೇಲ್ ಕೂಡ ಕೊಟ್ಟದ್ದು 2 ಎಂಬಿ ಜಾಗ. ಪೆಟ್ಟಿಗೆ ತುಂಬಿದರೆ ನಡುವಿನ ತುಂಡುಗಳು ವಾಪಸು ಹೋಗುತ್ತವೆ, ನಿಮಗೆ ಗೊತ್ತೂ ಆಗುವುದಿಲ್ಲ. ಆಮೇಲೆ ಇಟಲಿಯ ಟ್ರಿಯೆಸ್ಟ್‌ನ ಐಸಿಟಿಪಿ ಭೌತಶಾಸ್ತ್ರ ಕೇಂದ್ರದವರು ಡಬ್ಲ್ಯುಡಬ್ಲ್ಯುಡಬ್ಲ್ಯು4ಮೇಲ್ ಮಾಡಿದರು, ಸಂಪರ್ಕ ಕಡಿಮೆ ಇರುವ ದೇಶಗಳ ವಿಜ್ಞಾನಿಗಳನ್ನು ನೆನೆದು. ಆಫ್ರಿಕಾದ ವೈದ್ಯರಿಗೆ ಹೆಲ್ತ್‌ನೆಟ್ ಜಾಲ ನಡೆಸುತ್ತಿದ್ದ ಸ್ಯಾಟೆಲ್‌ಲೈಫ್ ಸಂಸ್ಥೆಯದು ಗೆಟ್‌ವೆಬ್. ಇವುಗಳಲ್ಲಿ ಕೆಡುತ್ತಿದ್ದದ್ದು ಹೆಚ್ಚಾಗಿ ಉದ್ದದ ವಿಳಾಸ: ಮೇಲ್ ಪ್ರೋಗ್ರಾಂ ಅದನ್ನು ಎರಡು ಸಾಲಾಗಿ ಮಡಿಸಿದರೆ ಸರ್ವರಿಗೆ ಅರ್ಧ ವಿಳಾಸ ಮಾತ್ರ ಸಿಗುತ್ತದೆ. ಕನ್ನಡ ಪುಟಗಳ ಕತೆ ಕೇಳಬೇಡಿ. ಆಗ ಒಬ್ಬೊಬ್ಬರದು ಒಂದೊಂದು ಫಾಂಟಿನ ಸಂಕೇತ, ಅಕ್ಷರರೂಪಕ್ಕೆ ಇಳಿಸಿದರೆ ಉಳಿಯುತ್ತಿದ್ದದ್ದು ಕಸ.

ಪುಟಗಳು ಚಿತ್ರ, ಜಾವಾಸ್ಕ್ರಿಪ್ಟ್, ಲಾಗಿನ್ ಇಲ್ಲದೆ ನಡೆಯದ ಹಾಗಾದಾಗ, ಜೊತೆಗೆ ಸ್ಪ್ಯಾಮ್ ಕಾಟಕ್ಕೆ ಈ ಸೇವೆಗಳು ಒಂದೊಂದೇ ಮುಚ್ಚಿದವು. ಪದ್ಧತಿ ಪೂರ್ತಿ ಸತ್ತಿಲ್ಲ: ಬೇರೆಯವರ ಪುಟಗಳನ್ನು ಪ್ರೋಗ್ರಾಂ ಒಂದಕ್ಕೆ ಮೇಲ್ ಮಾಡಿ ತರಿಸಿಕೊಂಡು ಓದುತ್ತೇನೆ ಎಂದು ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ತಮ್ಮ ತಾಣದಲ್ಲಿ ಬರೆದಿದ್ದಾರೆ.

ಇನ್ನು ನಿಮ್ಮ ಫ್ಲಾಪಿ. ಡ್ರೈವಿಗೆ ಹಾಕುವ ಮೊದಲು ಲೋಹದ ಮುಚ್ಚಳ ಸರಿಸಿ ಒಳಗಿನ ತಟ್ಟೆ ನೋಡಿ. ನಮ್ಮೂರ ತೇವಕ್ಕೆ ಬಿಳಿ ಚುಕ್ಕೆಯ ಬೂಷ್ಟು ಹಿಡಿದಿದ್ದರೆ ಹಾಕಲೇಬೇಡಿ. ಅದು ಡ್ರೈವಿನ ಹೆಡ್ಡಿಗೆ ಮೆತ್ತಿಕೊಂಡು ಉಳಿದ ಫ್ಲಾಪಿಗಳನ್ನೂ ಗೀರುತ್ತದೆ. ಚೊಕ್ಕ ಇದ್ದರೆ ಮೂಲೆಯ ಚಿಕ್ಕ ಗುಂಡಿ ಸರಿಸಿ ತೂತು ಕಾಣುವಂತೆ ಮಾಡಿ, ಆಗ ಏನೂ ಬರೆಯಲಾಗದು. ಯುಎಸ್‌ಬಿ ಫ್ಲಾಪಿ ಡ್ರೈವಿನಲ್ಲಿ ಹಾಕಿ ಲಿನಕ್ಸ್‌ನ ಡಿಡಿರೆಸ್ಕ್ಯೂನಿಂದ ಮೊದಲು ಇಡೀ ಫ್ಲಾಪಿಯ ನಕಲು ತೆಗೆಯಿರಿ. ಮುಂದಿನ ಕೆಲಸವೆಲ್ಲ ಆ ನಕಲಿನ ಮೇಲೆ.

ಪ್ರತಿ ತುಂಡಿನಲ್ಲೂ ಮೇಲಿನ ಈಮೇಲ್ ಸಾಲುಗಳನ್ನು ಮೊದಲ ಖಾಲಿ ಸಾಲಿನ ತನಕ ಅಳಿಸಿ, ಕೆಳಗೆ ಸರ್ವರಿನ ಟಿಪ್ಪಣಿ ಇದ್ದರೆ ಅದನ್ನೂ. ಒಂದನೇ ತುಂಡಿನಲ್ಲಿ 'ಬಿಗಿನ್ 644' ಎಂಬ ಸಾಲು ಮತ್ತು ಫೈಲಿನ ಹೆಸರು, ಕೊನೆಯದರಲ್ಲಿ 'ಎಂಡ್' ಇರಬೇಕು. ನಡುವಿನವುಗಳಲ್ಲಿ ಎರಡೂ ಇರಬಾರದು. ಫೈಲುಗಳಿಗೆ 01, 02 ಎಂದು ಹೆಸರು ಬದಲಿಸಿ, ಇಲ್ಲವಾದರೆ 1ರ ನಂತರ 10 ಬಂದು ಕ್ರಮ ತಪ್ಪುತ್ತದೆ. ವಿಂಡೋಸ್‌ನಲ್ಲಿ 'ಕಾಪಿ' ಆಜ್ಞೆಗೆ 'ಬಿ' ಸ್ವಿಚ್ ಕೊಟ್ಟು ಜೋಡಿಸಿ. ಅದಿಲ್ಲದಿದ್ದರೆ ಕೊನೆಗೆ ಕಂಟ್ರೋಲ್-ಝಡ್ ಅಕ್ಷರ ಸೇರುತ್ತದೆ. ಲಿನಕ್ಸ್‌ನ ಶಾರ್‌ಯುಟಿಲ್ಸ್ ಪ್ಯಾಕೇಜಿನಲ್ಲಿ ಯುಯುಡಿಕೋಡ್ ಇದೆ, ಮ್ಯಾಕ್‌ನಲ್ಲಿ ಮೊದಲಿಂದಲೇ ಇರುತ್ತದೆ. ಪೈಥಾನ್‌ನ 'ಯುಯು' ಮಾಡ್ಯೂಲ್ ನೆಚ್ಚಬೇಡಿ, 3.13ರಲ್ಲಿ ತೆಗೆದುಹಾಕಿದ್ದಾರೆ.

ಡಿಕೋಡ್ ಆಗದಿದ್ದರೆ ಸಾಲಿನ ಉದ್ದ ಅಳೆಯಿರಿ. 'ಎಂ' ಸಾಲುಗಳೆಲ್ಲ ಸರಿಯಾಗಿ 61 ಅಕ್ಷರ ಇರಬೇಕು. ಹಳೆ ಯುಯುಎನ್‌ಕೋಡ್ ಸೊನ್ನೆಗೆ ಖಾಲಿ ಜಾಗವನ್ನೇ ಬಳಸುತ್ತಿತ್ತು. ಸಾಲಿನ ಕೊನೆಯ ಖಾಲಿ ಜಾಗವನ್ನು ದಾರಿಯ ಯಂತ್ರಗಳು ಕತ್ತರಿಸಿ ಬಿಸಾಡುತ್ತಿದ್ದವು. ಗಿಡ್ಡವಾದ ಸಾಲಿಗೆ 61 ಆಗುವ ತನಕ ಖಾಲಿ ಜಾಗ ತುಂಬಿದರೆ ಹೆಚ್ಚಿನವು ಸರಿಹೋಗುತ್ತವೆ.

ಜಿಪ್ ಫೈಲು ಸಿಕ್ಕಿದರೆ ಬಿಡಿಸುವ ಮೊದಲು ಪರೀಕ್ಷೆಯ ಆಯ್ಕೆ ಓಡಿಸಿ. ಒಳಗಿನ ಪ್ರತಿ ಫೈಲಿಗೂ ಸಿಆರ್‌ಸಿ (ತಪ್ಪು ಪತ್ತೆ ಮಾಡುವ ತಾಳೆ ಸಂಖ್ಯೆ) ಇರುವುದರಿಂದ ಯಾವುದು ಹಾಳು ಎಂದು ನೇರ ಹೇಳುತ್ತದೆ. ಹೆಸರಿನ ಕೊನೆಗೆ ದೊಡ್ಡ 'ಝಡ್' ಮಾತ್ರ ಇದ್ದರೆ ಅದು ಯುನಿಕ್ಸ್ ಕಂಪ್ರೆಸ್, ಈಗಿನ ಜಿಝಿಪ್ ಬಿಡಿಸುತ್ತದೆ. ಯಾವುದಾದರೂ ತುಂಡು ಓದಲಾಗದಷ್ಟು ಹೋಗಿದ್ದರೆ 'ಬಿಗಿನ್' ಸಾಲಿನಲ್ಲಿರುವ ಹೆಸರು ಹಿಡಿದು ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ. ಸಿಮ್‌ಟೆಲ್ ಭಂಡಾರದ ಸಿಡಿಗಳ ನಕಲುಗಳು ಅಲ್ಲಿವೆ, ಅದೇ ಫೈಲು ಇಡಿಯಾಗಿ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ.