ಕಾಡು-ಬೆಟ್ಟದ ಸೀಮೆಯಲ್ಲಿ ಸಾಮಾನು ಹೇರಿಕೊಂಡು ಸೈಕಲ್ ಪ್ರವಾಸ: ದಾರಿ ಆರಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ಬಯಲು ರಸ್ತೆಯಲ್ಲಿ ದಿನಕ್ಕೆ 80–90 ಕಿ.ಮೀ. ಓಡಿಸಿ ರೂಢಿಯಿದೆ. ಈಗ ಟೆಂಟು, ಬಟ್ಟೆ, ಅಡುಗೆ ಸಾಮಾನು ಹೇರಿಕೊಂಡು ಐದು ದಿನ ಕಾಡು ತುಂಬಿದ ಬೆಟ್ಟಸಾಲಿನಲ್ಲಿ ಸುತ್ತಬೇಕು. ದಾರಿಯನ್ನು ಹೇಗೆ ಗುರುತು ಹಾಕಿಕೊಳ್ಳುವುದು, ಸೈಕಲ್ಲಿನಲ್ಲಿ ಏನು ಬದಲಿಸುವುದು?

ಮೊದಲು ಕಿಲೋಮೀಟರ್ ಲೆಕ್ಕ ಬಿಡಿ. ಬೆಟ್ಟದಲ್ಲಿ ದಿನವನ್ನು ಅಳೆಯಬೇಕಾದ್ದು ಎಷ್ಟು ಮೀಟರ್ ಮೇಲೇರುತ್ತೀರಿ ಎಂಬುದರಿಂದ. ನೀವು 70 ಕೆ.ಜಿ., ಸೈಕಲ್ 15, ಸಾಮಾನು 20, ಒಟ್ಟು 105 ಕೆ.ಜಿ. ಎಂದುಕೊಳ್ಳಿ. ಗಂಟೆಗಟ್ಟಲೆ ತುಳಿಯಬೇಕಾದಾಗ ಸಾಧಾರಣ ಸವಾರನಿಂದ ಸುಮಾರು 120 ವ್ಯಾಟ್ ಶಕ್ತಿ ಬರುತ್ತದೆ ಎಂದಿಟ್ಟುಕೊಳ್ಳೋಣ. 100 ಮೀಟರ್ ಸಾಗಿದರೆ 8 ಮೀಟರ್ ಮೇಲೇರುವ ರಸ್ತೆಯಲ್ಲಿ, ಅಂದರೆ 8% ಏರಿನಲ್ಲಿ, ಈ ಶಕ್ತಿಗೆ ಸಿಗುವ ವೇಗ ಗಂಟೆಗೆ 5 ಕಿ.ಮೀ.ಗಿಂತ ತುಸು ಕಡಿಮೆ. ಅಂದರೆ ಗಂಟೆಗೆ ಹತ್ತಿರಹತ್ತಿರ 380 ಮೀಟರ್ ಎತ್ತರ. ನೀರು ಕುಡಿದು, ದಾರಿ ನೋಡಿ, ಉಸಿರು ತೆಗೆದುಕೊಳ್ಳುವ ಹೊತ್ತು ಸೇರಿದರೆ 300 ಮೀಟರ್ ಎಂದೇ ಹಿಡಿಯಿರಿ. 1,200 ಮೀಟರ್ ಏರಿಕೆ ಇರುವ ದಿನದಲ್ಲಿ ಏರಿಗೇ ನಾಲ್ಕು ಗಂಟೆ ಹೋಯಿತು. ಉಳಿದದ್ದು ಆಮೇಲೆ. ಮೊದಲ ಎರಡು ದಿನ 700–800 ಮೀಟರ್ ದಾಟದಂತೆ ಹಾಕಿಕೊಳ್ಳಿ, ಮೈ ಒಗ್ಗಿದ ಮೇಲೆ 1,000–1,200ಕ್ಕೆ ಏರಿಸಿ. ದೂರ 45 ಕಿ.ಮೀ. ಬಂದರೂ ಅದು ಪೂರ್ತಿ ದಿನದ ಕೆಲಸವೇ.

ಇಲ್ಲೊಂದು ತೊಡಕಿದೆ, ಕಾಡಿನಲ್ಲಿ ಇದು ಇನ್ನೂ ಹೆಚ್ಚು. ಆ್ಯಪ್ ತೋರಿಸುವ ಏರಿಳಿತದ ಗೆರೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಉಚಿತವಾಗಿ ಸಿಗುವ ಎತ್ತರದ ಮಾಹಿತಿಯಲ್ಲಿ ಬಹಳಷ್ಟು 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಬಳಸಿ ಅಳೆದದ್ದು. ಅದರ ಚೌಕಗಳು ಸುಮಾರು 30 ಮೀಟರ್ ಅಗಲದವು, ಕೆಲವು ಕಡೆ ಬಳಕೆಯಲ್ಲಿರುವುದು 90 ಮೀಟರಿನವು. ಆ ರೇಡಾರ್ ಅಲೆ ದಟ್ಟ ಕಾಡಿನಲ್ಲಿ ನೆಲದವರೆಗೆ ಇಳಿಯುವುದಿಲ್ಲ, ಮರಗಳ ಮೇಲ್ಭಾಗದಿಂದಲೇ ಹಿಂದಿರುಗುತ್ತದೆ. ಹಾಗಾಗಿ ರಸ್ತೆ ಬಯಲಿನಿಂದ ಕಾಡಿಗೆ ಹೊಕ್ಕ ಕಡೆ, ನಿಜದಲ್ಲಿ ಇಲ್ಲದ ಒಂದು ಮೆಟ್ಟಿಲು ಗೆರೆಯಲ್ಲಿ ಎದ್ದು ಕಾಣುತ್ತದೆ. ಇನ್ನೊಂದು ಕಾರಣ, ಬೆಟ್ಟದ ಮಗ್ಗುಲನ್ನು ಕೊರೆದು ಮಾಡಿದ ರಸ್ತೆ. ಆ ಇಳಿಜಾರು 30 ಡಿಗ್ರಿ ಇದ್ದು, ನಕ್ಷೆಯಲ್ಲಿ ರಸ್ತೆಯ ಗೆರೆ 20 ಮೀಟರ್ ಪಕ್ಕಕ್ಕೆ ಸರಿದಿದ್ದರೆ ಎತ್ತರದಲ್ಲಿ 11–12 ಮೀಟರ್ ತಪ್ಪು ಬರುತ್ತದೆ. ಸಮವಾಗಿ ಸಾಗುವ ರಸ್ತೆಯೂ ಗರಗಸದ ಹಲ್ಲಿನಂತೆ ಕಾಣಿಸಿ, ದಿನದ ಒಟ್ಟು ಏರಿಕೆ ನೂರಾರು ಮೀಟರ್ ಉಬ್ಬುತ್ತದೆ. ಸೇತುವೆ, ಸುರಂಗ ಇದ್ದ ಕಡೆಯಂತೂ ಗೆರೆ ಕಣಿವೆಗೆ ಇಳಿದು, ಬೆಟ್ಟದ ನೆತ್ತಿ ಹತ್ತಿ ಬರುತ್ತದೆ. ಇದಕ್ಕಿಂತ ಕೆಟ್ಟದ್ದು ಉಲ್ಟಾ ತಪ್ಪು: ಸರಾಸರಿ 6% ಎಂದು ತೋರಿಸುವ ಏರಿನೊಳಗೆ 300 ಮೀಟರ್ ಉದ್ದದ 14% ತುಂಡು ಅಡಗಿ ಕುಳಿತಿರುತ್ತದೆ.

ಪರಿಹಾರ ಹಳೆಯದೇ, ಸಮೋನ್ನತಿ ರೇಖೆಗಳನ್ನು, ಅಂದರೆ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳನ್ನು, ಎಣಿಸುವುದು. ರೇಖೆಗಳ ನಡುವೆ 20 ಮೀಟರ್ ಅಂತರವಿರುವ ನಕ್ಷೆಯಲ್ಲಿ ರಸ್ತೆ 25 ರೇಖೆ ದಾಟಿದರೆ 500 ಮೀಟರ್ ಏರಿಕೆ. ಒಂದು ರೇಖೆಯಿಂದ ಮುಂದಿನದಕ್ಕೆ ರಸ್ತೆಯುದ್ದಕ್ಕೂ 250 ಮೀಟರ್ ಇದ್ದರೆ 8%, 160 ಮೀಟರ್ ಇದ್ದರೆ 12.5%. ದಿನದ ಅತಿ ದೊಡ್ಡ ಏರು ಒಂದಕ್ಕಾದರೂ ಈ ಎಣಿಕೆ ಮಾಡಿ. ಹತ್ತು ನಿಮಿಷದ ಕೆಲಸ.

ಯಾವ ಬಗೆಯ ದಾರಿ ಎಂದರೆ, ನನ್ನ ಆಯ್ಕೆಯಲ್ಲಿ ಮೊದಲ ಸ್ಥಾನ ಕಣ್ಣುಮುಚ್ಚಿ ಹಳೆಯ ರೈಲು ಹಳಿ ಕಿತ್ತು ಮಾಡಿದ ದಾರಿಗೆ. ರೈಲಿಗಾಗಿ ತೆಗೆದ ಏರು ಸಾಮಾನ್ಯವಾಗಿ 2–3% ದಾಟುವುದಿಲ್ಲ. ಕಣಿವೆಯ ಮುಖ್ಯ ರಸ್ತೆ ಸುಲಭ, ಆದರೆ ಲಾರಿ-ಬಸ್ಸೆಲ್ಲ ಅಲ್ಲೇ. ಬೆಟ್ಟದ ನೆತ್ತಿಯ ಮೇಲಿನ ದಾರಿ ನಕ್ಷೆಯಲ್ಲಿ ಆಸೆ ಹುಟ್ಟಿಸುತ್ತದೆ, ಆದರೆ ಪ್ರತಿ ಗುಡ್ಡಕ್ಕೂ ಹತ್ತಿಳಿಸಿ ಜೀವ ಹಿಂಡುತ್ತದೆ. ನೀರೂ ಅಲ್ಲಿ ಸಿಗುವುದಿಲ್ಲ. ಇವೆರಡರ ನಡುವೆ ಬೆಟ್ಟದ ಮಗ್ಗುಲಲ್ಲಿ ಒಂದೇ ಎತ್ತರ ಹಿಡಿದು ಸಾಗುವ ಅರಣ್ಯ ರಸ್ತೆ ಸಿಕ್ಕರೆ ಬಿಡಬೇಡಿ. ದಿಮ್ಮಿ ಲಾರಿಗಾಗಿ ಮಾಡಿದ್ದಾದರೆ ಏರು ಸಾಮಾನ್ಯವಾಗಿ 10–12%ರ ಒಳಗಿರುತ್ತದೆ. ತೊಂದರೆ ಎಂದರೆ ಇಂಥ ರಸ್ತೆಗಳ ಕವಲುಗಳು ಮರ ಕಡಿದ ಜಾಗದಲ್ಲಿ ಥಟ್ಟನೆ ಮುಗಿದುಹೋಗುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ಆನ್‌ಲೈನ್ ನಕ್ಷೆಯಲ್ಲಿ ಇವುಗಳಿಗೆ ‘ಗ್ರೇಡ್ 1’ರಿಂದ ‘ಗ್ರೇಡ್ 5’ರವರೆಗೆ ದರ್ಜೆ ಕೊಟ್ಟಿರುತ್ತಾರೆ. ಒಂದು ಗಟ್ಟಿ ನೆಲ, ಐದು ಮೆತ್ತನೆ ಮಣ್ಣು-ಹುಲ್ಲು. ಹೇರಿದ ಸೈಕಲ್ಲಿಗೆ ಮೂರರವರೆಗೆ ಸರಿ. ದರ್ಜೆಯನ್ನೇ ಬರೆಯದ ದಾರಿಯನ್ನು ನಾಲ್ಕು ಎಂದೇ ಎಣಿಸಿ. ಉಪಗ್ರಹ ಚಿತ್ರ ನೋಡಿ ಖಚಿತ ಮಾಡಿಕೊಳ್ಳೋಣವೆಂದರೆ ಮರದ ಚಾವಣಿಯ ಕೆಳಗೆ ರಸ್ತೆಯೇ ಕಾಣದು. ಗೇಟು, ಪ್ರವೇಶ ನಿರ್ಬಂಧ, ರಾತ್ರಿ ಸಂಚಾರ ನಿಷೇಧ ಇದೆಯೇ ಎಂದು ಆಯಾ ಅರಣ್ಯ ಕಚೇರಿಯಲ್ಲೇ ಕೇಳಿಕೊಳ್ಳಿ.

ಒಂದೇ ದಾರಿಯನ್ನು ಎರಡು ದಿಕ್ಕಿನಲ್ಲಿ ಹೋಗಬಹುದಾದರೆ ಯಾವುದು? ಜಲ್ಲಿ-ಮಣ್ಣಿನ ಭಾಗ ಏರಿನಲ್ಲಿ ಬರಲಿ, ಡಾಂಬರು ಇಳಿತದಲ್ಲಿ ಬರಲಿ. ಏರಿನಲ್ಲಿ ವೇಗ ಗಂಟೆಗೆ ಐದು ಕಿ.ಮೀ., ಕಲ್ಲು ಸಿಕ್ಕರೂ ಕಾಲೂರಿ ನಿಲ್ಲಬಹುದು. 105 ಕೆ.ಜಿ. ಸಡಿಲ ಜಲ್ಲಿಯ ಮೇಲೆ ಕೆಳಗಿಳಿಯುವಾಗ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ, ಒತ್ತದಿದ್ದರೆ ನಿಲ್ಲುವುದಿಲ್ಲ. ಆದರೆ ಜಲ್ಲಿಯ ಏರು 12% ಮೀರಿದರೆ ಈ ಮಾತು ನಡೆಯದು. ಹಿಂದಿನ ಚಕ್ರ ಕೆರೆದು ನಿಂತುಬಿಡುತ್ತದೆ, ಇಳಿದು ತಳ್ಳಬೇಕು.

ಈಗ ಗೇರ್. ಮುಂದೆ 34, ಹಿಂದೆ 34 ಹಲ್ಲು ಇರುವ ಸೈಕಲ್ಲಿನಲ್ಲಿ, 40 ಮಿ.ಮೀ. ಟೈರಿಗೆ, ಪೆಡಲ್ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತೀರಿ. ನಿಮಿಷಕ್ಕೆ 60 ಸುತ್ತು ಎಂದರೆ ಗಂಟೆಗೆ 8 ಕಿ.ಮೀ. ಮೇಲಿನ 8% ಏರಿಗೆ ಇದು 200 ವ್ಯಾಟ್ ಕೇಳುತ್ತದೆ. ನಿಮ್ಮಲ್ಲಿ 120 ಮಾತ್ರ ಇದ್ದರೆ ಪೆಡಲ್ ನಿಧಾನವಾಗಿ, ಮಂಡಿಯ ಮೇಲೆ ಭಾರ ಹಾಕಿ ತುಳಿಯಬೇಕಾಗುತ್ತದೆ. ಎರಡನೇ ದಿನಕ್ಕೆ ಮಂಡಿನೋವು ಬರುವುದು ಹೀಗೆ. ಮುಂದೆ 22, ಹಿಂದೆ 36 ಆದರೆ ಅದೇ 60 ಸುತ್ತಿಗೆ 4.8 ಕಿ.ಮೀ., ಅಂದರೆ ನಿಮ್ಮ 120 ವ್ಯಾಟಿಗೆ ಸರಿಯಾಗಿ. ಒಂದೇ ಒಂದು ಬದಲಾವಣೆಗೆ ಹಣವಿದ್ದರೆ ಅದನ್ನು ಇಲ್ಲೇ ಹಾಕಿ.

ಇಳಿತದ ವಿಷಯವನ್ನು ಜನ ಹಗುರವಾಗಿ ತೆಗೆದುಕೊಳ್ಳುವುದು ನನಗೆ ನಿಜಕ್ಕೂ ಕಳವಳ ತರುತ್ತದೆ. 105 ಕೆ.ಜಿ. 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ 515 ಕಿಲೋಜೌಲ್. ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಇದರಲ್ಲಿ ಗಾಳಿ ಎಷ್ಟು ತಿನ್ನುವುದಿಲ್ಲವೋ ಅಷ್ಟೂ ಬಹುಪಾಲು ಬ್ರೇಕಿಗೆ ಬರುತ್ತದೆ. 8% ಇಳಿತದಲ್ಲಿ ಬ್ರೇಕನ್ನು ಸದಾ ಒತ್ತಿಹಿಡಿದು ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿ ಇಳಿಯುವುದೇ ಅತಿ ಕೆಟ್ಟದ್ದು, ಸುಮಾರು 400 ವ್ಯಾಟ್ ಶಾಖ ಎಡೆಬಿಡದೆ ಹುಟ್ಟುತ್ತದೆ. 15ರಲ್ಲಿ ಇಳಿದರೆ ಅದು 280ರಷ್ಟು. ರಿಮ್ ಬ್ರೇಕ್ ಆದರೆ ರಿಮ್ ಕಾದು ಟ್ಯೂಬಿನ ಒತ್ತಡ ಏರುತ್ತದೆ, ಪಂಕ್ಚರ್ ತೇಪೆಯ ಅಂಟು ಸಡಿಲವಾಗುತ್ತದೆ, ಕೊನೆಗೆ ಟೈರ್ ಸಿಡಿಯುತ್ತದೆ. ಡಿಸ್ಕ್ ಆದರೆ ಪ್ಯಾಡ್ ಮೇಲ್ಮೈ ಗಾಜಿನಂತೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ. ಡಾಟ್ ಎಂಬ ಬಗೆಯ ಬ್ರೇಕ್ ದ್ರವ ತುಂಬಿದ ಹೈಡ್ರಾಲಿಕ್ ಬ್ರೇಕಿನಲ್ಲಿ ದ್ರವ ಹಳೆಯದಾಗಿ ನೀರು ಹೀರಿದ್ದರೆ ಅದು ಬೇಗ ಕುದಿದು, ಲಿವರ್ ಹ್ಯಾಂಡಲಿಗೆ ತಾಗುವವರೆಗೂ ಬಂದುಬಿಡುತ್ತದೆ. ಹೊರಡುವ ಮುಂಚೆ ಆ ದ್ರವ ಬದಲಿಸಿ.

ಸರಿಯಾದ ರೀತಿ: ನೇರ ತುಂಡಿನಲ್ಲಿ, ಮುಂದೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗದವರೆಗೆ ಬಿಡಿ. ತಿರುವಿಗೆ ಮುನ್ನ, ಸೈಕಲ್ ನೆಟ್ಟಗಿರುವಾಗಲೇ, ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ. ತಿರುವಿನಲ್ಲಿ ಪೂರ್ತಿ ಬಿಡಿ. ಬಿಟ್ಟ ಆ ಹೊತ್ತಿನಲ್ಲೇ ಗಾಳಿಗೆ ಬ್ರೇಕ್ ಆರುವುದು. ಹೀಗೆ ಮಾಡಲಾಗದಷ್ಟು ಕಡಿದಾದ, ಕುರುಡು ತಿರುವುಗಳ ಇಳಿತವಾದರೆ ಪ್ರತಿ 150–200 ಮೀಟರ್ ಎತ್ತರಕ್ಕೊಮ್ಮೆ ನಿಂತು ಆರಲು ಬಿಡಿ. ಡಿಸ್ಕನ್ನು ಮುಟ್ಟಿ ನೋಡಬೇಡಿ, ಬೆರಳು ಸುಡುತ್ತದೆ. ಒಂದು ಜೊತೆ ಪ್ಯಾಡ್ ಬ್ಯಾಗಿನಲ್ಲಿರಲಿ. ಒದ್ದೆ ಮಣ್ಣಿನ ಒಂದೇ ದಿನ ಮೆತ್ತನೆಯ ಪ್ಯಾಡನ್ನು ತಿಂದುಹಾಕಬಲ್ಲದು.

ಹೊರೆಯನ್ನೆಲ್ಲ ಹಿಂದೆಯೇ ಹೇರಿದರೆ ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಓಲಾಡುತ್ತದೆ, ಇಳಿತದಲ್ಲಿ ಇಡೀ ಸೈಕಲ್ ನಡುಗುತ್ತದೆ. ಭಾರದಲ್ಲಿ ಮೂರನೇ ಒಂದು ಭಾಗವನ್ನಾದರೂ ಮುಂದಿನ ಚಕ್ರದ ಪಕ್ಕ ತಗ್ಗಿನಲ್ಲಿ ಕಟ್ಟಿ. ಕ್ಯಾರಿಯರ್‌ನ ಎಂ5 (5 ಮಿ.ಮೀ. ದಪ್ಪದ) ಬೋಲ್ಟುಗಳು ಅದುರಿ ಸಡಿಲವಾಗುತ್ತವೆ, ದಿನಾ ಬೆಳಿಗ್ಗೆ ಬಿಗಿ ನೋಡಿ, ನಾಲ್ಕು ಹೆಚ್ಚುವರಿ ಇಟ್ಟುಕೊಳ್ಳಿ. ಬಲಗಡೆ ಕೆಳಗಿನದಕ್ಕೆ ಉದ್ದ ಬೋಲ್ಟ್ ಹಾಕಿದರೆ ತುದಿ ಒಳಗೆ ಚಾಚಿ ಚಿಕ್ಕ ಗೇರ್ ಚಕ್ರದ ಚೈನಿಗೆ ತಾಗುತ್ತದೆ, ಅದನ್ನೂ ನೋಡಿ. 40 ಮಿ.ಮೀ. ಟೈರಿಗೆ ಗಾಳಿಯ ಒತ್ತಡ ಹಿಂದೆ ಸುಮಾರು 50 ಪಿಎಸ್‌ಐ, ಮುಂದೆ 40 ಸಾಕು.

ಬಿಡಿಭಾಗಗಳಲ್ಲಿ ಎಲ್ಲರೂ ಮರೆಯುವುದು ಡಿರೇಲರ್ ಹ್ಯಾಂಗರ್, ಅಂದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಡಿರೇಲರನ್ನು ಫ್ರೇಮಿಗೆ ಸೇರಿಸುವ ತುಂಡು. ಹೇರಿದ ಸೈಕಲ್ ಬಲಗಡೆಗೆ ಬಿದ್ದರೆ ಈ ಪುಟ್ಟ ಅಲ್ಯೂಮಿನಿಯಂ ತುಂಡು ಒಳಕ್ಕೆ ಬಾಗುತ್ತದೆ. ಬಯಲಿನಲ್ಲಿ ಗೊತ್ತೇ ಆಗುವುದಿಲ್ಲ. ಮುಂದಿನ ಏರಿನಲ್ಲಿ ಅತಿ ಹಗುರ ಗೇರಿಗೆ ಹಾಕಿದ ಕ್ಷಣ ಡಿರೇಲರ್ ಸ್ಪೋಕುಗಳ ನಡುವೆ ಸಿಕ್ಕಿ ಚಕ್ರ, ಚೈನ್, ಡಿರೇಲರ್ ಮೂರೂ ಹಾಳು. ಬಿದ್ದ ಮೇಲೆ ಹಿಂದಿನಿಂದ ಬಗ್ಗಿ ನೋಡಿ: ಡಿರೇಲರ್‌ನ ಎರಡು ಪುಟ್ಟ ಗಾಲಿಗಳು ಮೇಲಿನ ಗೇರ್ ಹಲ್ಲುಗಳಿಗೆ ನೇರ ಸಾಲಿನಲ್ಲಿರಬೇಕು. ಹ್ಯಾಂಗರ್ ಸಾಮಾನ್ಯವಾಗಿ ಫ್ರೇಮಿನಿಂದ ಫ್ರೇಮಿಗೆ ಬೇರೆ ಆಕಾರದ್ದು, ದಾರಿಯ ಅಂಗಡಿಯಲ್ಲಿ ಸಿಗುತ್ತದೆಂದು ಹೋಗಬೇಡಿ.

ಎತ್ತರಕ್ಕೆ ಹೋದಂತೆ ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ. ಬೆವರಿನಲ್ಲಿ ಒದ್ದೆಯಾಗಿ ನೆತ್ತಿ ತಲುಪಿದವರು ಹಾಗೇ ಇಳಿದರೆ ಗಾಳಿಗೆ ಬೆರಳು ಮರಗಟ್ಟಿ ಬ್ರೇಕ್ ಒತ್ತಲಾಗುವುದಿಲ್ಲ. ಒಣ ಅಂಗಿ, ಗಾಳಿ ತಡೆಯುವ ಜಾಕೆಟ್, ಕೈಗವಸು ಬ್ಯಾಗಿನ ಮೇಲ್ಭಾಗದಲ್ಲೇ ಇರಲಿ, ಇಳಿತ ಶುರುವಾಗುವ ಮುನ್ನ ಹಾಕಿಕೊಳ್ಳಿ. ಬಿಸಿಲಿನಿಂದ ಮರದ ನೆರಳಿಗೆ ನುಗ್ಗಿದ ಮೊದಲ ಕೆಲವು ಸೆಕೆಂಡು ಕಣ್ಣಿಗೆ ಗುಂಡಿ ಕಾಣುವುದಿಲ್ಲ, ಹಿಂದಿನ ವಾಹನದವನಿಗೆ ನೀವೂ ಕಾಣುವುದಿಲ್ಲ. ಹಗಲಲ್ಲೂ ಹಿಂಬದಿಯ ಕೆಂಪು ದೀಪ ಉರಿಯುತ್ತಿರಲಿ. ಬಿಸಿಲು ಬೀಳದ ತಿರುವಿನ ಅಂಚಿನಲ್ಲಿ ಪಾಚಿ, ಒದ್ದೆ ಎಲೆ ಇರುತ್ತದೆ, ಅಲ್ಲಿ ಓರೆಯಾಗಬೇಡಿ.

ಕೊನೆಯದಾಗಿ, ನಕ್ಷೆಯಲ್ಲಿ ಪ್ರತಿ 30 ಕಿ.ಮೀ.ಗೊಂದು ತಪ್ಪಿಸಿಕೊಳ್ಳುವ ದಾರಿ ಗುರುತು ಹಾಕಿ: ಬಸ್ಸೋ ರೈಲೋ ಇರುವ ಕಣಿವೆಯ ಊರಿಗೆ ಇಳಿಯುವ, ನಡುವೆ ಮತ್ತೆ ಏರಿಲ್ಲದ ರಸ್ತೆ. ಮುರಿದ ಡಿರೇಲರ್ ಇದ್ದರೂ ಇಳಿತದಲ್ಲಿ ಸೈಕಲ್ ಉರುಳುತ್ತದೆ. ಆ ಊರಿನ ಹೆಸರು, ದೂರ, ಕೊನೆಯ ಬಸ್ಸಿನ ಹೊತ್ತನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಕಣಿವೆಯೊಳಗೆ ಫೋನಿಗೆ ಸಿಗ್ನಲ್ ಇರುವುದಿಲ್ಲ.